25 ವರ್ಷ ದಾಟಿದ ಕ್ರೂಸ್ ಹಡಗು ಡ್ರೈ ಡಾಕ್‌ಗೆ ಹೋಗಿಬಂದರೆ ನಿಜಕ್ಕೂ ಏನೇನು ಬದಲಾಗುತ್ತದೆ?

ಕಡಲಯಾನಿ (ಪ್ರಶ್ನೆ)

25 ವರ್ಷ ದಾಟಿದ, ಸುಮಾರು 1,000 ಕ್ಯಾಬಿನ್‌ಗಳ ಹಡಗೊಂದು ಮೂರು ವಾರ ಡ್ರೈ ಡಾಕ್‌ಗೆ (ನೀರು ಖಾಲಿ ಮಾಡಿ ಹಡಗನ್ನು ರಿಪೇರಿ ಮಾಡುವ ಕಟ್ಟೆಗೆ) ಹೋಗುತ್ತಿದೆ. ಹೊರಬಂದ ಮೇಲೆ ಅದರಲ್ಲಿ ಟಿಕೆಟ್ ಮಾಡಿಸಬೇಕೆಂದಿದ್ದೇನೆ. ಕಂಪನಿಯ ಪ್ರಕಟಣೆಯಲ್ಲಿ "ಸಂಪೂರ್ಣ ನವೀಕರಣ" ಎಂದಿದೆ: ಎರಡು ಹೊಸ ರೆಸ್ಟೋರೆಂಟ್, ಒಂದು ಬಾರ್, ಮೇಲಿನ ಡೆಕ್‌ನಲ್ಲಿ ನೀರಿನ ಜಾರುಬಂಡಿ, ಎಲ್ಲ ಕ್ಯಾಬಿನ್‌ಗಳಿಗೂ ಹೊಸ ಕಾರ್ಪೆಟ್, ಜೊತೆಗೆ ಕೆಲವು ಹೊಸ ಕ್ಯಾಬಿನ್. ಆದರೆ ಹಳೇ ಹಡಗಿನ ಪ್ರಯಾಣಿಕರು ಸಾಮಾನ್ಯವಾಗಿ ಆಸೆಪಡುವುದು ಬೇರೆ: ಬ್ಲಾಕ್ ಆಗದ ಟಾಯ್ಲೆಟ್, ಹೇಳಿದ ಮಾತು ಕೇಳುವ ಎಸಿ, ಮೈಗೆ ಅಂಟುವ ಶವರ್ ಪರದೆಯ ಬದಲು ಗಾಜಿನ ಬಾಗಿಲು, ಹಾಸಿಗೆ ಪಕ್ಕ ಪ್ಲಗ್ ಪಾಯಿಂಟ್, ಕೆಲಸ ಮಾಡುವ ವೈಫೈ.

ಮೂರು ವಾರದಲ್ಲಿ ಇದರಲ್ಲಿ ಎಷ್ಟು ಸಾಧ್ಯ? ಬಾತ್‌ರೂಮ್‌ಗಳನ್ನು ಯಾಕೆ ಯಾವಾಗಲೂ ಹಾಗೇ ಬಿಡುತ್ತಾರೆ? ಡಾಕ್‌ನಿಂದ ಹೊರಬಂದ ಎಷ್ಟು ದಿನಕ್ಕೆ ಹತ್ತುವುದು ಒಳ್ಳೆಯದು? ತಿಳಿದವರು ವಿವರವಾಗಿ ಹೇಳಿ.

ಕೀಲ್‌ಬ್ಲಾಕ್

ಮೊದಲು ಒಂದು ವಿಷಯ ಸ್ಪಷ್ಟವಾಗಲಿ. ಹಡಗು ಡಾಕ್‌ಗೆ ಹೋಗುವುದು ಕಾರ್ಪೆಟ್‌ಗಾಗಿ ಅಲ್ಲ, ಕಾನೂನಿಗಾಗಿ. ಸೋಲಾಸ್ ಎಂಬ ಅಂತರರಾಷ್ಟ್ರೀಯ ಹಡಗು ಸುರಕ್ಷತಾ ಒಪ್ಪಂದದ ಪ್ರಕಾರ ಪ್ರಯಾಣಿಕ ಹಡಗಿನ ತಳವನ್ನು ಐದು ವರ್ಷದಲ್ಲಿ ಕನಿಷ್ಠ ಎರಡು ಸಲ ನೀರಿನಿಂದಾಚೆ ಪರೀಕ್ಷಿಸಬೇಕು, ಎರಡರ ನಡುವೆ 36 ತಿಂಗಳು ಮೀರಬಾರದು. ಐದು ವರ್ಷಕ್ಕೊಮ್ಮೆ ಕ್ಲಾಸ್ ಸಂಸ್ಥೆಯ (ಹಡಗು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಲಾಯ್ಡ್ಸ್ ರಿಜಿಸ್ಟರ್, ಡಿಎನ್‌ವಿ, ರಿನಾ ಇತ್ಯಾದಿ) ದೊಡ್ಡ ಸರ್ವೆ ಬೇರೆ. 25 ದಾಟಿದ ಹಡಗಿಗೆ ಈ ಸರ್ವೆಯೇ ದೊಡ್ಡ ಖರ್ಚು. ತುಕ್ಕಿನಿಂದ ಉಕ್ಕಿನ ಹಾಳೆ ಎಷ್ಟು ತೆಳುವಾಗಿದೆ ಎಂದು ಅಲ್ಟ್ರಾಸಾನಿಕ್ ಉಪಕರಣದಿಂದ ಸಾವಿರಾರು ಬಿಂದುಗಳಲ್ಲಿ ಅಳೆಯುತ್ತಾರೆ. ಮಿತಿ ಮೀರಿದ ಕಡೆ ಕತ್ತರಿಸಿ ಹೊಸ ಹಾಳೆ ಬೆಸೆಯಲೇಬೇಕು. ಅದು ಬ್ಯಾಲಾಸ್ಟ್ ಟ್ಯಾಂಕಿನ (ಸಮತೋಲಕ್ಕೆ ನೀರು ತುಂಬುವ ತೊಟ್ಟಿಯ) ಒಳಗೋ, ಅಡುಗೆಮನೆಯ ಸಿಂಕುಗಳ ಕೆಳಗೋ, ಈಜುಕೊಳದ ಅಡಿಯಲ್ಲೋ ಸಿಗುವುದು ಹೆಚ್ಚು. ಎಷ್ಟು ಸಿಗುತ್ತದೆ ಎಂದು ಬಿಚ್ಚುವವರೆಗೆ ಯಾರಿಗೂ ಗೊತ್ತಿರುವುದಿಲ್ಲ. ಬಜೆಟ್ ಮತ್ತು ದಿನ ಎರಡೂ ಜಾರುವುದು ಇಲ್ಲಿಯೇ.

ಮೂರು ವಾರ ಎಂದರೆ 21 ದಿನದ ಕೆಲಸ ಎಂದುಕೊಳ್ಳಬೇಡಿ. ಡಾಕ್ ಯೋಜನೆಯ ಪ್ರಕಾರ ಜೋಡಿಸಿದ ಬ್ಲಾಕ್‌ಗಳ ಮೇಲೆ ಹಡಗನ್ನು ಕೂರಿಸಿ, ನೀರು ಖಾಲಿ ಮಾಡಿ, ಏಣಿ, ವಿದ್ಯುತ್, ಬೆಂಕಿ ನಂದಿಸುವ ನೀರಿನ ಸಂಪರ್ಕ ಕೊಡುವಷ್ಟರಲ್ಲಿ ಒಂದೆರಡು ದಿನ ಹೋಗುತ್ತದೆ. ಕೊನೆಯಲ್ಲಿ ತೇಲಿಸುವುದು, ಪರೀಕ್ಷಾ ಓಟ, ಶುಚಿ ಮಾಡುವುದು, ಸಾಮಾನು ತುಂಬಿಸುವುದು ಎಂದು ಮೂರು ದಿನ. ಉಳಿಯುವುದು 15-16 ದಿನ.

ಆ ಅವಧಿಯಲ್ಲಿ ತಳದಲ್ಲಿ ನಡೆಯುವುದು: ಹೆಚ್ಚಿನ ಒತ್ತಡದ ನೀರಿನಿಂದ ತೊಳೆದು ಚಿಪ್ಪು, ಪಾಚಿ ಕೀಳುವುದು, ಸಮುದ್ರದ ನೀರು ಒಳಬರುವ ಸೀ ಚೆಸ್ಟ್‌ಗಳ ಜಾಲರಿ ಬಿಚ್ಚಿ ವಾಲ್ವ್ ನೋಡುವುದು, ಉಕ್ಕಿನ ಬದಲು ತಾನು ಸವೆಯುವ ಸತುವಿನ ಗಟ್ಟಿ (ಆನೋಡ್) ಬದಲಿಸುವುದು, ಚುಕ್ಕಾಣಿಯ ಬೇರಿಂಗ್ ಸಡಿಲ ಅಳೆಯುವುದು, ಪ್ರೊಪೆಲ್ಲರ್ ಶಾಫ್ಟ್ ಅಥವಾ ಪಾಡ್ (ಹಡಗಿನಡಿಯಲ್ಲಿ ತಿರುಗುವ ಮೋಟಾರ್ ಘಟಕ), ಬೋ ಥ್ರಸ್ಟರ್ (ಮುಂತುದಿಯನ್ನು ಪಕ್ಕಕ್ಕೆ ತಳ್ಳುವ ಪ್ರೊಪೆಲ್ಲರ್), ಹೊರಳಾಟ ತಗ್ಗಿಸುವ ಸ್ಟೆಬಿಲೈಜರ್ ರೆಕ್ಕೆಗಳ ಸೀಲ್ ಬದಲಿಸುವುದು. ಲಂಗರಿನ ಸರಪಳಿಯನ್ನು ಪೂರ್ತಿ ಡಾಕ್‌ನ ನೆಲಕ್ಕೆ ಇಳಿಸಿ ಹರಡಿ ಕೊಂಡಿ ಕೊಂಡಿ ಅಳೆಯುತ್ತಾರೆ. ಸರಾಸರಿ ವ್ಯಾಸ 12%ಕ್ಕಿಂತ ಹೆಚ್ಚು ಸವೆದಿದ್ದರೆ ಆ ತುಂಡು ಬದಲಾಗಬೇಕು.

ಬಣ್ಣದ ಕೆಲಸ ಹವಾಮಾನದ ಕೈಯಲ್ಲಿದೆ. ಉಕ್ಕಿನ ಮೇಲ್ಮೈ ಇಬ್ಬನಿ ಬಿಂದುವಿಗಿಂತ (ಗಾಳಿಯ ತೇವ ಹನಿಗಟ್ಟುವ ಉಷ್ಣತೆಗಿಂತ) ಕನಿಷ್ಠ 3 ಡಿಗ್ರಿ ಸೆಲ್ಸಿಯಸ್ ಬಿಸಿ ಇರಬೇಕು, ತೇವಾಂಶ ಸಾಮಾನ್ಯವಾಗಿ 85%ರ ಒಳಗಿರಬೇಕು. ಎರಡು ದಿನ ಮಳೆ ಹಿಡಿದರೆ ಇಡೀ ವೇಳಾಪಟ್ಟಿ ಹಿಂದೆ ಬೀಳುತ್ತದೆ. ಇನ್ನೊಂದು ವಿಷಯ: ಬ್ಲಾಕ್ ಮೇಲೆ ಕೂತ ಜಾಗಕ್ಕೆ ಬಣ್ಣ ತಾಗುವುದಿಲ್ಲ. ಆದ್ದರಿಂದ ಮುಂದಿನ ಡಾಕ್‌ನಲ್ಲಿ ಬ್ಲಾಕ್‌ಗಳ ಸ್ಥಾನ ಬದಲಿಸುತ್ತಾರೆ. ಹಳೇ ದಾಖಲೆ ನೋಡದೆ ಅದೇ ಜಾಗದಲ್ಲಿ ಕೂರಿಸಿದರೆ ಆ ಚೌಕಗಳು ವರ್ಷಗಟ್ಟಲೆ ಹೊಸ ಬಣ್ಣವಿಲ್ಲದೆ ತುಕ್ಕು ಹಿಡಿಯುತ್ತವೆ.

ಇದರಲ್ಲಿ ಯಾವುದೂ ಪ್ರಕಟಣೆಯ ಚಿತ್ರದಲ್ಲಿ ಬರುವುದಿಲ್ಲ. ಆದರೆ ಸ್ಟೆಬಿಲೈಜರ್ ಸೀಲ್ ಹೋಗಿ ಒಂದು ರೆಕ್ಕೆ ಹೊರಗೆ ಚಾಚದಿದ್ದರೆ ಹೊರಳಾಟ ಅನುಭವಿಸುವವರು ಪ್ರಯಾಣಿಕರೇ.

ಒಳಾಂಗಣ_ಬಿ15

ಬಾತ್‌ರೂಮ್ ಪ್ರಶ್ನೆಗೆ ಉತ್ತರ. ಈ ಹಡಗುಗಳು ಕಟ್ಟುವಾಗ ಬಾತ್‌ರೂಮ್ ಎಂಬುದು ಕಾರ್ಖಾನೆಯಲ್ಲಿ ತಯಾರಾದ ಒಂದೇ ಪೆಟ್ಟಿಗೆ. ನೆಲ, ಗೋಡೆ, ಚಾವಣಿ, ಪೈಪು ಎಲ್ಲ ಕೂಡಿದ ಘಟಕ. ಹಡಗಿನ ಪಕ್ಕ ಇನ್ನೂ ತೆರೆದಿರುವಾಗಲೇ ಅದನ್ನು ಒಳಗೆ ಜಾರಿಸಿ ಕೂರಿಸುತ್ತಾರೆ. ಈಗ ಅದು ಕ್ಯಾಬಿನ್ ಬಾಗಿಲಿನಲ್ಲೂ ಹಿಡಿಸುವುದಿಲ್ಲ, ಕಾರಿಡಾರ್‌ನಲ್ಲೂ ತಿರುಗುವುದಿಲ್ಲ. ಹೊರತೆಗೆಯಬೇಕೆಂದರೆ ಒಳಗೇ ತುಂಡು ಮಾಡಬೇಕು, ಹೊಸದನ್ನು ಬಿಡಿ ಪ್ಯಾನೆಲ್‌ಗಳಾಗಿ ತಂದು ಅಲ್ಲೇ ಜೋಡಿಸಬೇಕು. ಪೈಪು ಸೇರಿಸಿ, ನೀರಿನ ಒತ್ತಡ ಪರೀಕ್ಷಿಸಿ, ಸಿಲಿಕಾನ್ ಸೀಲ್ ಗಟ್ಟಿಯಾಗಲು ಒಂದು ದಿನ ಕಾಯಬೇಕು. 1,000 ಕ್ಯಾಬಿನ್‌ಗಳನ್ನು 15 ದಿನಕ್ಕೆ ಹಂಚಿದರೆ ದಿನಕ್ಕೆ 67. ಆ ವೇಗದಲ್ಲಿ ಕಾರ್ಪೆಟ್, ಪರದೆ, ಹಾಸಿಗೆ, ಸೋಫಾ ಬಟ್ಟೆ, ದೀಪ, ಟಿವಿ ಆಗುತ್ತದೆ. ಬಾತ್‌ರೂಮ್ ಕಿತ್ತು ಕಟ್ಟುವುದು ಆಗುವುದಿಲ್ಲ. ಹಾಗಾಗಿ ಸಾಮಾನ್ಯವಾಗಿ ಮಾಡುವುದು ಇಷ್ಟು: ಗೋಡೆ ಪ್ಯಾನೆಲ್ ಮೇಲೆ ಹೊಸ ಫಿಲ್ಮ್, ಹೊಸ ಸಿಂಕ್ ಮೇಲ್ಭಾಗ, ಹೊಸ ನಲ್ಲಿ, ಹೊಸ ಕಮೋಡ್ ಸೀಟು.

ಗಾಜಿನ ಬಾಗಿಲು ಕೂಡ ಕಾಣುವಷ್ಟು ಸುಲಭವಲ್ಲ. ಹಳೇ ಘಟಕದಲ್ಲಿ ಶವರ್ ಜಾಗ ತೀರಾ ಚಿಕ್ಕದು, ನೆಲದ ಇಳಿಜಾರು ಪರದೆಗೆ ತಕ್ಕಂತೆ ಇರುತ್ತದೆ. ಬಾಗಿಲು ಹಾಕಿದರೆ ಕಮೋಡ್‌ಗೆ ತಾಗಬಹುದು, ಅಥವಾ ಹಡಗು ವಾಲಿದಾಗ ನೀರು ಬಾಗಿಲಿನ ಅಡಿಯಿಂದ ಹೊರಗೆ ಹರಿದು ಕಾರ್ಪೆಟ್ ನೆನೆಯುತ್ತದೆ. ಒಳ್ಳೆಯ ಕಂಪನಿಗಳು ಮೊದಲು ಒಂದೆರಡು ಮಾದರಿ ಕ್ಯಾಬಿನ್ ಮಾಡಿ, ಹಡಗು ಓಡುತ್ತಿರುವಾಗಲೇ ಜನರನ್ನು ಅದರಲ್ಲಿ ಉಳಿಸಿ ನೋಡುತ್ತವೆ. ಹೀಗೆ ನೋಡದೆ ಸಾವಿರ ಬಾಗಿಲು ಆರ್ಡರ್ ಮಾಡಿದರೆ ಒಂದೇ ತಪ್ಪು ಸಾವಿರ ಕಡೆ ಕೂತಿರುತ್ತದೆ.

ವಸ್ತುಗಳ ವಿಷಯದಲ್ಲಿ ಒಂದು ಮಾತು. "ಇಷ್ಟು ದುಡ್ಡು ಕೊಟ್ಟು ಯಾಕೆ ಪ್ಲಾಸ್ಟಿಕ್‌ನಂತೆ ಕಾಣುವ ಮರ?" ಎಂದು ಜನ ಬೇಸರಪಡುತ್ತಾರೆ. ಕಾರಣ ಬೆಂಕಿಯ ನಿಯಮ. ಪರದೆ, ಸೋಫಾ, ಹಾಸಿಗೆ, ನೆಲದ ಹಾಸು, ಗೋಡೆಯ ಮೇಲ್ಪದರ ಎಲ್ಲವೂ ಎಫ್‌ಟಿಪಿ ಕೋಡ್‌ನ (ಹಡಗಿನ ವಸ್ತುಗಳ ಬೆಂಕಿ ಪರೀಕ್ಷೆಯ ಅಂತರರಾಷ್ಟ್ರೀಯ ನಿಯಮಾವಳಿಯ) ಪರೀಕ್ಷೆ ಪಾಸಾಗಿರಬೇಕು. ಉರಿಯಬಲ್ಲ ಮೇಲ್ಪದರದ ಶಾಖಮೌಲ್ಯ (ಉರಿದರೆ ಹೊರಬರುವ ಶಾಖ) ಚದರ ಮೀಟರಿಗೆ 45 ಮೆಗಾಜೂಲ್ ಮೀರಬಾರದು. ಇಲ್ಲಿ ಆಗಾಗ ಆಗುವ ತಪ್ಪು ಎಂದರೆ ಹಳೇ ಮೇಲ್ಪದರದ ಮೇಲೆಯೇ ಹೊಸ ಫಿಲ್ಮ್ ಅಂಟಿಸುವುದು. ಎರಡು ಪದರ, ಎರಡು ಅಂಟು ಸೇರಿ ಲೆಕ್ಕ ಮೀರಿದರೆ ಸರ್ವೇಯರ್ ಕೀಳಿಸುತ್ತಾರೆ. ಪ್ರಮಾಣಪತ್ರವಿಲ್ಲದ ಚಂದದ ಬಟ್ಟೆ ಬಂದಿಳಿದು ಗೋದಾಮಿನಲ್ಲೇ ಉಳಿಯುವುದೂ ಇದೆ.

ಬಾಲ್ಕನಿಗೂ ಇದೇ ಮಾತು. 2006ರ ಮಾರ್ಚ್ 23ರ ನಸುಕಿನಲ್ಲಿ ಜಮೈಕಾದತ್ತ ಹೋಗುತ್ತಿದ್ದ ಸ್ಟಾರ್ ಪ್ರಿನ್ಸೆಸ್ ಹಡಗಿನ ಬಾಲ್ಕನಿಯಲ್ಲಿ ಹತ್ತಿದ ಬೆಂಕಿ ಪಾಲಿಕಾರ್ಬೊನೇಟ್ ತಡೆಗಳು, ಪ್ಲಾಸ್ಟಿಕ್ ಕುರ್ಚಿಗಳ ಮೂಲಕ ಡೆಕ್‌ನಿಂದ ಡೆಕ್‌ಗೆ ಏರಿತು. ಒಬ್ಬ ಪ್ರಯಾಣಿಕರು ಸತ್ತರು. ಆಮೇಲೆ ನಿಯಮ ಬಂತು: ಬಾಲ್ಕನಿಯ ಪೀಠೋಪಕರಣ ಬೆಂಕಿ ಅಪಾಯ ಕಡಿಮೆ ಇರುವ ಬಗೆಯದ್ದಾಗಿರಬೇಕು, ಇಲ್ಲವಾದರೆ ಅಲ್ಲಿಯೂ ಬೆಂಕಿ ಪತ್ತೆ ಮತ್ತು ನೀರು ಸಿಂಪಡಿಸುವ ವ್ಯವಸ್ಥೆ ಬೇಕು. 2008ರ ಜುಲೈ 1ರಿಂದ ಹಳೇ ಹಡಗುಗಳಿಗೂ ಇದು ಅನ್ವಯ. ಬಾಲ್ಕನಿಯಲ್ಲಿ ಮೆತ್ತನೆಯ ದಿಂಬಿನ ಸೋಫಾ ಇಲ್ಲವೆಂದು ದೂರುವ ಮೊದಲು ಇದನ್ನು ನೆನಪಿಡಿ.

ಕಡಲಯಾನಿ

ಇಷ್ಟು ವಿವರಕ್ಕೆ ಧನ್ಯವಾದ. ಹೊಸ ಕ್ಯಾಬಿನ್ ಸೇರಿಸುವುದರ ಬಗ್ಗೆಯೂ ಹೇಳಿ. ಇದ್ದ ಲೈಬ್ರರಿ, ಕಾರ್ಡ್ ರೂಮ್ ತೆಗೆದು ಕ್ಯಾಬಿನ್ ಮಾಡುತ್ತಾರಂತೆ. ಜಾರುಬಂಡಿಯ ತೂಕ ಹಡಗಿಗೆ ಲೆಕ್ಕವೇ ಅಲ್ಲವೇನೋ?

ತೂಕಲೆಕ್ಕ

ಲೆಕ್ಕವೇ. ಎಷ್ಟು ಟನ್ ಎನ್ನುವುದಕ್ಕಿಂತ ಎಷ್ಟು ಎತ್ತರದಲ್ಲಿ ಎನ್ನುವುದು ಮುಖ್ಯ. ನೀರಿನ ಮಟ್ಟದಿಂದ 35-40 ಮೀಟರ್ ಮೇಲೆ ಕೂರಿಸಿದ ಉಕ್ಕು, ಅದರೊಳಗೆ ಓಡುವ ನೀರು ಎರಡೂ ಹಡಗಿನ ಗುರುತ್ವ ಕೇಂದ್ರವನ್ನು ಮೇಲಕ್ಕೆ ಎಳೆಯುತ್ತವೆ. ಹಳೇ ಹಡಗು ಇದಕ್ಕೂ ಮೊದಲೇ ಭಾರವಾಗಿರುತ್ತದೆ. ಪ್ರತಿ ಸಲ ಹಚ್ಚಿದ ಬಣ್ಣ, ಹಳೇ ಕೇಬಲ್ ಕೀಳದೆ ಎಳೆದ ಹೊಸ ಕೇಬಲ್, ನೆಲದ ಮೇಲೆ ನೆಲ. ಅದಕ್ಕೇ ಪ್ರಯಾಣಿಕ ಹಡಗಿಗೆ ಐದು ವರ್ಷಕ್ಕೊಮ್ಮೆ ತೂಕದ ಸರ್ವೆ ಕಡ್ಡಾಯ. ಖಾಲಿ ಹಡಗಿನ ತೂಕ ಅನುಮೋದಿತ ಲೆಕ್ಕಕ್ಕಿಂತ 2%ಕ್ಕಿಂತ ಹೆಚ್ಚು ಬದಲಾಗಿದ್ದರೆ, ಅಥವಾ ಗುರುತ್ವ ಕೇಂದ್ರ ಹಡಗಿನ ಉದ್ದದ 1%ಕ್ಕಿಂತ ಹೆಚ್ಚು ಹಿಂದೆ ಮುಂದೆ ಸರಿದಿದ್ದರೆ, ಹಡಗನ್ನು ಸ್ವಲ್ಪ ವಾಲಿಸಿ ಗುರುತ್ವ ಕೇಂದ್ರ ಕಂಡುಹಿಡಿಯುವ ಪರೀಕ್ಷೆಯನ್ನು ಮತ್ತೆ ಮಾಡಲೇಬೇಕು. ಮಿತಿ ಮುಟ್ಟಿದ ಹಡಗಿಗೆ ಹಿಂಬದಿಯಲ್ಲಿ ನೀರಿನ ಮಟ್ಟದ ಬಳಿ ಡಕ್‌ಟೇಲ್ ಎಂಬ ಉಕ್ಕಿನ ಪೆಟ್ಟಿಗೆ ಬೆಸೆದು ತೇಲುವ ಬಲ ಹೆಚ್ಚಿಸುತ್ತಾರೆ. ಜಾರುಬಂಡಿಯ ಜೊತೆಗೇ ಡಕ್‌ಟೇಲ್ ಎಂದೂ ಬರೆದಿದ್ದರೆ ಅದು ಅಲಂಕಾರಕ್ಕಲ್ಲ.

ಕ್ಯಾಬಿನ್ ಸೇರಿಸುವುದರಲ್ಲಿ ಎರಡು ಬಗೆ. ಒಂದು, ಹಡಗನ್ನು ನಡುವೆ ಕತ್ತರಿಸಿ ಹೊಸ ತುಂಡು ಸೇರಿಸುವುದು. ಎನ್‌ಚಾಂಟ್‌ಮೆಂಟ್ ಆಫ್ ದ ಸೀಸ್‌ಗೆ 2005ರಲ್ಲಿ ರಾಟರ್‌ಡ್ಯಾಮ್‌ನಲ್ಲಿ 22 ಮೀಟರ್ ಸೇರಿಸಿದರು, ಸಿಲ್ವರ್ ಸ್ಪಿರಿಟ್‌ಗೆ 2018ರಲ್ಲಿ ಪಲೆರ್ಮೊದಲ್ಲಿ ಸುಮಾರು 15 ಮೀಟರ್. ಇಲ್ಲಿ ಕ್ಯಾಬಿನ್ ಜೊತೆಗೆ ಡೆಕ್ ಜಾಗವೂ ಹೆಚ್ಚುತ್ತದೆ. ಇನ್ನೊಂದು ನೀವು ಹೇಳಿದ್ದು, ಇದ್ದ ಜಾಗವನ್ನೇ ಕ್ಯಾಬಿನ್ ಮಾಡುವುದು. ಇದರಲ್ಲಿ ಜನ ಹೆಚ್ಚುತ್ತಾರೆ, ಕೂರುವ ಜಾಗ ಕಡಿಮೆಯಾಗುತ್ತದೆ. ಲಿಫ್ಟ್, ಮೆಟ್ಟಿಲು, ಊಟದ ಹಾಲ್ ಹಿಂದಿನವೇ.

ಇದನ್ನು ನೀವೇ ಲೆಕ್ಕ ಹಾಕಬಹುದು. ಗ್ರಾಸ್ ಟನೇಜನ್ನು (ತೂಕವಲ್ಲ, ಹಡಗಿನ ಒಳಜಾಗದ ಅಳತೆ) ಕ್ಯಾಬಿನ್‌ಗೆ ಇಬ್ಬರಂತೆ ಹಿಡಿದ ಪ್ರಯಾಣಿಕರ ಸಂಖ್ಯೆಯಿಂದ ಭಾಗಿಸಿ. ಒಂದೇ ಹಡಗು ಕಾರ್ನಿವಲ್ ಡೆಸ್ಟಿನಿ ಎಂಬ ಹೆಸರಿನಲ್ಲಿದ್ದಾಗ 1,01,353 ಟನೇಜ್, 2,642 ಜನ, ಅಂದರೆ 38.4. 2013ರಲ್ಲಿ 15.5 ಕೋಟಿ ಡಾಲರ್ ಖರ್ಚು ಮಾಡಿ ಕಾರ್ನಿವಲ್ ಸನ್‌ಶೈನ್ ಆದ ಮೇಲೆ 1,02,853 ಟನೇಜ್, 3,002 ಜನ, ಅಂದರೆ 34.3. ಹೊಸ ರೆಸ್ಟೋರೆಂಟ್‌ಗಳು ಚೆನ್ನಾಗಿರಬಹುದು, ಆದರೆ ತಲೆಗೆ ಸಿಗುವ ಜಾಗ ಹತ್ತರಲ್ಲೊಂದು ಪಾಲು ಕಡಿಮೆ. ಸಮುದ್ರದ ದಿನಗಳಲ್ಲಿ ಡೆಕ್ ಕುರ್ಚಿಗೆ, ಬಂದರಿನ ಬೆಳಗ್ಗೆ ಲಿಫ್ಟಿಗೆ ಕಾಯುವಾಗ ಇದು ತಿಳಿಯುತ್ತದೆ. ಜನ ಹೆಚ್ಚಿದರೆ ಜೀವರಕ್ಷಕ ದೋಣಿಗಳ ಲೆಕ್ಕವೂ ಮತ್ತೆ ಹಾಕಬೇಕು. ಒಂದು ಲೈಫ್‌ಬೋಟ್‌ಗೆ ಗರಿಷ್ಠ 150 ಜನ ಎಂಬುದು ಸಾಮಾನ್ಯ ಮಿತಿ. ಆ ಭಾಗದಲ್ಲಿ ಯಾರೂ ರಿಯಾಯಿತಿ ಕೊಡುವುದಿಲ್ಲ.

ಎಂಜಿನ್_ಕಂಟ್ರೋಲ್

ಕೀಲ್‌ಬ್ಲಾಕ್ ಅವರು ಹೇಳಿದ್ದಕ್ಕೆ ಸೇರಿಸುತ್ತೇನೆ. ಪ್ರಯಾಣಿಕರ ದೂರುಗಳ ಮೂಲ ಬಹುಪಾಲು ಪ್ಯಾನೆಲ್‌ನ ಹಿಂದೆ ಇದೆ.

ಟಾಯ್ಲೆಟ್. ಹಡಗಿನ ಕಮೋಡ್ ವ್ಯಾಕ್ಯೂಮ್ ಬಗೆಯದು. ಒಂದು ಫ್ಲಶ್‌ಗೆ ಸುಮಾರು ಒಂದು ಲೀಟರ್ ನೀರು, ಉಳಿದದ್ದು ಗಾಳಿಯ ಸೆಳೆತ. ಪೈಪು ಸುಮಾರು 50 ಮಿಲಿಮೀಟರ್. ವರ್ಷಗಳು ಕಳೆದಂತೆ ಮೂತ್ರದ ಲವಣ ಮತ್ತು ಸುಣ್ಣದ ಅಂಶ ಒಳಗೋಡೆಗೆ ಕಲ್ಲಿನಂತೆ ಕಟ್ಟಿಕೊಂಡು ರಂಧ್ರ ಅರ್ಧವಾಗುತ್ತದೆ. ಆಮೇಲೆ ಒಬ್ಬರು ಹಾಕಿದ ಒಂದು ವೆಟ್ ವೈಪ್ ಸಾಕು, ಅದೇ ಲೈನಿನ ಕ್ಯಾಬಿನ್‌ಗಳೆಲ್ಲ ಒಟ್ಟಿಗೆ ಕೆಡುತ್ತವೆ. ಪರಿಹಾರ ಎರಡೇ: ದುರ್ಬಲ ಆಮ್ಲದ ದ್ರಾವಣ ಹರಿಸಿ ಕರಗಿಸುವುದು, ಇಲ್ಲವೇ ಪೈಪು ಬದಲಿಸುವುದು. ಅಡ್ಡ ಓಡುವ ಉದ್ದದ ಲೈನುಗಳನ್ನು ಬದಲಿಸಲು ಕಾರಿಡಾರ್‌ನ ಚಾವಣಿ ಬಿಚ್ಚಬೇಕು. ಕಾರಿಡಾರ್‌ಗೆ ಹೊಸ ಚಾವಣಿ ಹಾಕುವಾಗಲೇ ಪೈಪನ್ನೂ ಬದಲಿಸಿದರೆ ಎರಡು ಕೆಲಸ ಒಂದೇ ಖರ್ಚಿನಲ್ಲಿ ಮುಗಿಯುತ್ತದೆ. ಚಾವಣಿ ಹಾಕಿ ಪೈಪು ಹಾಗೇ ಬಿಟ್ಟರೆ ಆರು ತಿಂಗಳಲ್ಲಿ ಅದೇ ಚಾವಣಿಯನ್ನು ಕಿತ್ತು ಹಾಳು ಮಾಡುತ್ತಾರೆ. ಈ ನಿರ್ಧಾರ ಡಾಕ್‌ಗೆ ಒಂದು ವರ್ಷ ಮೊದಲೇ ಆಗಿರಬೇಕು, ಡಾಕ್‌ನಲ್ಲಿ ನಿಂತು ಯೋಚಿಸಿದರೆ ಪೈಪು ಬರುವುದಿಲ್ಲ.

ಎಸಿ. ಕ್ಯಾಬಿನ್‌ನ ಥರ್ಮೋಸ್ಟಾಟ್ ಹೊಸದಾಗಿ ಹೊಳೆಯುತ್ತದೆ, ಆದರೆ ಅದರ ಹಿಂದಿನ ಡ್ಯಾಂಪರ್ (ಗಾಳಿಯ ಹರಿವು ಹೆಚ್ಚು ಕಡಿಮೆ ಮಾಡುವ ಬಾಗಿಲು) ತುಕ್ಕು ಹಿಡಿದು ನಿಂತಲ್ಲೇ ನಿಂತಿದ್ದರೆ ಗುಂಡಿ ಒತ್ತಿ ಫಲವಿಲ್ಲ. ಚಿಲ್ಲರ್ (ಎಸಿಗೆ ತಂಪು ನೀರು ಮಾಡುವ ಯಂತ್ರ) ಕಂಪ್ರೆಸರ್ ಓವರ್‌ಹಾಲ್, ಗಾಳಿ ಘಟಕದ ಕಾಯಿಲ್ ಶುದ್ಧಿ, ಡಕ್ಟ್ ಶುದ್ಧಿ, ಕೊನೆಗೆ ಪ್ರತಿ ಕ್ಯಾಬಿನ್‌ನ ಗಾಳಿ ಅಳೆದು ಸಮತೋಲನ ಮಾಡುವುದು, ಈ ನಾಲ್ಕೂ ಆಗಬೇಕು. ಬಿಟ್ಟುಹೋಗುವುದು ಯಾವಾಗಲೂ ನಾಲ್ಕನೆಯದು, ಏಕೆಂದರೆ ಅದು ಕೊನೆಯ ಎರಡು ದಿನದ ಕೆಲಸ. ಡಾಕ್‌ನಲ್ಲಿ ಇನ್ನೊಂದು ತೊಡಕು: ಚಿಲ್ಲರ್‌ಗಳಿಗೆ ತಂಪು ಕೊಡುವುದು ಸಮುದ್ರದ ನೀರು. ನೀರಿನಿಂದ ಹೊರಗಿರುವಾಗ ತಾತ್ಕಾಲಿಕ ವ್ಯವಸ್ಥೆ ಇಲ್ಲದಿದ್ದರೆ ಎಸಿ ಇಲ್ಲ. ಒಳಗೆ ಸೆಕೆ, ತೇವ. ಆ ತೇವದಲ್ಲಿ ಅಂಟಿಸಿದ ಕಾರ್ಪೆಟ್ ಅಂಚು ಏಳುತ್ತದೆ, ಫಿಲ್ಮ್ ಗುಳ್ಳೆ ಕಟ್ಟುತ್ತದೆ.

ವೈಫೈ. ಕ್ಯಾಬಿನ್ ಗೋಡೆ ಎಂದರೆ ಉಕ್ಕಿನ ತಗಡಿನ ನಡುವೆ ರಾಕ್‌ವೂಲ್ (ಕಲ್ಲಿನಿಂದ ಮಾಡಿದ ಬೆಂಕಿತಡೆ ನಾರು). ಕಾರಿಡಾರ್‌ನ ಆಂಟೆನಾ ಸಿಗ್ನಲ್ ಒಳಗೆ ಬರುವಷ್ಟರಲ್ಲಿ ಸೊರಗುತ್ತದೆ. ಮೇಲೆ ಹೊಸ ಉಪಗ್ರಹ ಆಂಟೆನಾ ಹಾಕಿದರೂ ಒಳಗಿನ ಕೇಬಲ್, ಆಕ್ಸೆಸ್ ಪಾಯಿಂಟ್ ಹೆಚ್ಚಿಸದಿದ್ದರೆ ಡೆಕ್‌ನಲ್ಲಿ ವೇಗ, ಹಾಸಿಗೆಯಲ್ಲಿ ನಿಧಾನ. ಪ್ರತಿ ಕೇಬಲ್ ಬೆಂಕಿತಡೆ ಗೋಡೆಯನ್ನು ದಾಟುವ ಕಡೆ ರಂಧ್ರವನ್ನು ಅನುಮೋದಿತ ವಸ್ತುವಿನಿಂದ ಮುಚ್ಚಬೇಕು. ಅವಸರದಲ್ಲಿ ಮುಚ್ಚದೆ ಬಿಟ್ಟ ರಂಧ್ರಗಳನ್ನು ಸರ್ವೇಯರ್ ಟಾರ್ಚ್ ಹಿಡಿದು ಹುಡುಕುತ್ತಾರೆ.

ಪ್ಲಗ್ ಪಾಯಿಂಟ್ ಬಗ್ಗೆ: ಹಾಸಿಗೆ ಪಕ್ಕ ಯುಎಸ್‌ಬಿ ಹಾಕುವುದು ಅಗ್ಗ, ಬಹುತೇಕ ಎಲ್ಲರೂ ಈಗ ಹಾಕುತ್ತಾರೆ. ಸಿಗದಿದ್ದರೆ ಸರ್ಜ್ ಪ್ರೊಟೆಕ್ಟರ್ ಇರುವ ಎಕ್ಸ್‌ಟೆನ್ಶನ್ ಮಾತ್ರ ಒಯ್ಯಬೇಡಿ. ಹಡಗಿನ ವಿದ್ಯುತ್ ಜಾಲ ಮನೆಯದ್ದರಂತೆ ಭೂಮಿಗೆ ಜೋಡಿಸಿದ್ದಲ್ಲ, ಅಂಥ ಸಾಧನ ಬಿಸಿಯಾಗಿ ಉರಿಯಬಹುದು. ಅಮೆರಿಕದ ಕೋಸ್ಟ್ ಗಾರ್ಡ್ 2013ರಲ್ಲೇ ಈ ಬಗ್ಗೆ ಸುರಕ್ಷಾ ಎಚ್ಚರಿಕೆ ಹೊರಡಿಸಿದೆ.

ಇನ್ನು ಕಂಪನ, ಅದರ ಬಗ್ಗೆ ಆಸೆ ಇಟ್ಟುಕೊಳ್ಳಬೇಡಿ. ಪ್ರೊಪೆಲ್ಲರ್ ಅಲುಗು ಉಜ್ಜಿ ಸರಿಮಾಡಿದರೆ, ಬೇರಿಂಗ್ ಬದಲಿಸಿದರೆ ಸ್ವಲ್ಪ ಇಳಿಯುತ್ತದೆ. ಆದರೆ ಹಿಂತುದಿಯ ಕೆಳ ಡೆಕ್‌ಗಳ ನಡುಕ ಆ ಉಕ್ಕಿನ ವಿನ್ಯಾಸದಲ್ಲೇ ಇದೆ. ಮುಂತುದಿಯ ಕೆಳ ಕ್ಯಾಬಿನ್‌ಗಳಿಗೆ ಬೆಳಗ್ಗೆ ಬಂದರು ಸೇರುವಾಗ ಬೋ ಥ್ರಸ್ಟರ್ ಸದ್ದೂ ತಪ್ಪಿದ್ದಲ್ಲ. ಹೊಸ ಹಾಸಿಗೆಯ ಮೇಲೆ ಮಲಗಿದರೂ ಕೇಳುತ್ತದೆ.

ಒಳಾಂಗಣ_ಬಿ15

ಒಂದು ಕಡೆ ಮಾತ್ರ ಒಪ್ಪುವುದಿಲ್ಲ. ಎಲ್ಲವೂ ಡಾಕ್‌ನಲ್ಲೇ ಆಗಬೇಕೆಂದಿಲ್ಲ. ಲಿಫ್ಟ್ ಕಂಟ್ರೋಲರ್, ಪೈಪಿನ ಆಮ್ಲ ಶುದ್ಧಿ, ಡಕ್ಟ್ ಶುದ್ಧಿ, ಕ್ಯಾಬಿನ್ ಗಾಳಿ ಸಮತೋಲನ, ಆಕ್ಸೆಸ್ ಪಾಯಿಂಟ್ ಇವನ್ನೆಲ್ಲ ಹಡಗು ಓಡುತ್ತಿರುವಾಗಲೇ, ಕ್ಯಾಬಿನ್‌ಗಳನ್ನು ಗುಂಪು ಗುಂಪಾಗಿ ಮಾರಾಟದಿಂದ ಹಿಡಿದಿಟ್ಟು ಮಾಡಬಹುದು. ಬಾತ್‌ರೂಮ್ ಬದಲಾವಣೆಯೂ ಹೀಗೆ ಸಾಧ್ಯ, ನಿಧಾನ ಅಷ್ಟೇ. ಮಾಡದಿರುವುದಕ್ಕೆ ಕಾರಣ ತಾಂತ್ರಿಕವಲ್ಲ: ಖಾಲಿ ಇಟ್ಟ ಕ್ಯಾಬಿನ್ ಆದಾಯ ತರುವುದಿಲ್ಲ.

ಕೀಲ್‌ಬ್ಲಾಕ್

ಒಪ್ಪಿದೆ, ಅದು ಸರಿ.

ಯಾವಾಗ ಹತ್ತಬೇಕು ಎನ್ನುವುದಕ್ಕೆ: ಡಾಕ್ ಮುಗಿದ ಮೊದಲ ಯಾನಕ್ಕೆ ಟಿಕೆಟ್ ಮಾಡಬೇಡಿ, ಬೆಲೆ ಕಡಿಮೆ ಇದ್ದರೂ. ಡಾಕ್ ಎಂದರೆ ಸರದಿ. ಹಿಂದಿನ ಹಡಗು ತಡವಾದರೆ ನಿಮ್ಮದೂ ತಡ. 2019ರ ಏಪ್ರಿಲ್ 1ರಂದು ಬಹಾಮಾಸ್‌ನ ಫ್ರೀಪೋರ್ಟ್ ಯಾರ್ಡ್‌ನಲ್ಲಿ ಓಯಸಿಸ್ ಆಫ್ ದ ಸೀಸ್ ಇದ್ದಾಗ ಕ್ರೇನ್ ಕುಸಿದು ಹಡಗಿಗೂ ಡಾಕ್‌ಗೂ ಪೆಟ್ಟಾಯಿತು. ಹಡಗು ರಿಪೇರಿಗೆ ಸ್ಪೇನಿನ ಕಾಡಿಜ್‌ಗೆ ಹೋಗಬೇಕಾಯಿತು, ಯಾನಗಳು ರದ್ದಾದವು. ಕೆಲಸ ಮುಗಿಯದೆ ಹೊರಟರೆ ಏನಾಗುತ್ತದೆ ಎನ್ನುವುದಕ್ಕೆ ಕ್ಯೂಇ2 (ಕ್ವೀನ್ ಎಲಿಜಬೆತ್ 2) ಹಡಗು ಉದಾಹರಣೆ. 1994ರ ಡಿಸೆಂಬರ್‌ನಲ್ಲಿ ಕೊಳಾಯಿ ಕೆಲಸ ಅರ್ಧದಲ್ಲಿರುವಾಗಲೇ ಪ್ರಯಾಣಿಕರನ್ನು ಹತ್ತಿಸಿ ಸೌತಾಂಪ್ಟನ್‌ನಿಂದ ನ್ಯೂಯಾರ್ಕಿಗೆ ಹೊರಟಿತು. ಕೊನೆಗೆ ಪರಿಹಾರ ಕೊಡಬೇಕಾಯಿತು.

ಎಲ್ಲ ಸರಿಯಾಗಿ ನಡೆದರೂ ಮೊದಲ ಎರಡು ಮೂರು ಯಾನಗಳಲ್ಲಿ ಗುತ್ತಿಗೆ ಕೆಲಸಗಾರರು ಹಡಗಿನಲ್ಲೇ ಇರುತ್ತಾರೆ. ಬಣ್ಣ, ಅಂಟಿನ ವಾಸನೆ ಇರುತ್ತದೆ. ಬಿಚ್ಚಿ ಸೇರಿಸಿದ ಪೈಪುಗಳಿಂದ ಕಂದು ನೀರು ಬರಬಹುದು. ಕೆಲವು ನಿಮಿಷ ನಲ್ಲಿ ಬಿಟ್ಟ ಮೇಲೂ ತಿಳಿಯಾಗದಿದ್ದರೆ ದೂರು ಕೊಡಿ, ನಿಂತ ನೀರಿನಲ್ಲಿ ಲೀಜಿಯೊನೆಲ್ಲಾ (ನ್ಯುಮೋನಿಯಾ ತರುವ ಬ್ಯಾಕ್ಟೀರಿಯಾ) ಬೆಳೆಯುವ ಅಪಾಯ ಇರುವುದರಿಂದ ಅದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ನನ್ನ ಅಂದಾಜಿನಲ್ಲಿ ಆರರಿಂದ ಎಂಟು ವಾರ ಬಿಟ್ಟು ಹತ್ತುವುದು ಸರಿ. ಅಷ್ಟರಲ್ಲಿ ಎಸಿ ದೂರುಗಳ ಪಟ್ಟಿ ಒಂದು ಸುತ್ತು ಮುಗಿದಿರುತ್ತದೆ, ಕಾರ್ಪೆಟ್ ಮಾತ್ರ ಇನ್ನೂ ಹೊಸದು.

ಕಡಲಯಾನಿ

ಹಾಗಾದರೆ ಕಂಪನಿಗೆ ಬರೆದು ಕೇಳಬೇಕಾದ್ದು ಏನು? ಪ್ರಕಟಣೆಯಲ್ಲಿ ಪೈಪಿನ ಮಾತೇ ಇಲ್ಲ.

ಎಂಜಿನ್_ಕಂಟ್ರೋಲ್

ಪೈಪು ಬದಲಿಸಿದ್ದೀರಾ ಎಂದು ಸುಮ್ಮನೆ ಕೇಳಿದರೆ ಸುಮ್ಮನೆ ಉತ್ತರ ಬರುತ್ತದೆ. ಕ್ಯಾಬಿನ್ ನಂಬರ್ ಹೇಳಿ ಕೇಳಿ: ಈ ಡೆಕ್‌ನ, ಈ ಭಾಗದ ಟಾಯ್ಲೆಟ್ ಲೈನ್ ಬದಲಾಗಿದೆಯೇ, ಶುದ್ಧಿ ಮಾತ್ರ ಆಗಿದೆಯೇ, ಈ ಕ್ಯಾಬಿನ್‌ಗೆ ಶವರ್ ಬಾಗಿಲೋ ಪರದೆಯೋ, ಎಸಿ ನಿಯಂತ್ರಣ ಹೊಸದೋ, ಫಲಕ ಮಾತ್ರ ಹೊಸದೋ. ಹೊಸದಾಗಿ ಸೇರಿಸಿದ ಕ್ಯಾಬಿನ್ ಸಿಕ್ಕರೆ ಅದನ್ನೇ ಹಿಡಿಯಿರಿ. ಅದರ ಬಾತ್‌ರೂಮ್, ಪೈಪು, ವೈರಿಂಗ್ ಎಲ್ಲ ಹೊಸದು, ಹಳೇ ಮುಖ್ಯ ಲೈನಿಗೆ ಸೇರುವ ಬಿಂದುವಿನವರೆಗಾದರೂ. ಆದರೆ ಡೆಕ್ ನಕ್ಷೆಯಲ್ಲಿ ಅದರ ಮೇಲೇನಿದೆ, ಕೆಳಗೇನಿದೆ ನೋಡಿ. ಲೈಬ್ರರಿ ತೆಗೆದು ಮಾಡಿದ ಕ್ಯಾಬಿನ್ ಆದರೆ ಅದು ಸಾರ್ವಜನಿಕ ಡೆಕ್‌ನಲ್ಲೇ ಇರುತ್ತದೆ. ಕೆಳಗೆ ಥಿಯೇಟರ್ ಅಥವಾ ಮೇಲೆ ಕುರ್ಚಿ ಎಳೆಯುವ ಬಫೆ ಇದ್ದರೆ ಬಿಟ್ಟುಬಿಡಿ.

ತೂಕಲೆಕ್ಕ

ಜೊತೆಗೆ ನವೀಕರಣದ ನಂತರದ ಗ್ರಾಸ್ ಟನೇಜ್ ಮತ್ತು ಇಬ್ಬರ ಲೆಕ್ಕದ ಪ್ರಯಾಣಿಕರ ಸಂಖ್ಯೆ ಕೇಳಿ. ಹಳೇ ಸಂಖ್ಯೆ ಎಲ್ಲ ಕಡೆ ಸಿಗುತ್ತದೆ. ಎರಡನ್ನೂ ಭಾಗಿಸಿ ಇಲ್ಲಿ ಹಾಕಿ, ನೋಡೋಣ.